ಒಡ್ಡಿನ ಮೇಲಿನ ದರ್ಭೆ

ತಾತ್ಯಾ,

ಮಗಳ ನಮಸ್ಕಾರ ಮೊದಲು, ತಕರಾರು ಆಮೇಲೆ.

“ಹೆಸರು ಕೇಳೋಕಿಂತ ಮೊದಲ ಹುಲ್ಲಿನ ಕುತ್ತಿಗಿ ನೋಡು, ಆಮ್ಯಾಲೆ...” ಆಮೇಲೆ ಏನು? ನೀವು ಹೇಳುತ್ತಿದ್ದ ಆ ಮಾತಿನ ಅರ್ಧ ಮಾತ್ರ ನನ್ನಲ್ಲಿ ಉಳಿದಿದೆ. ತೆನೆ ನೋಡು ಅಂದಿದ್ದಿರಾ, ಬುಡ ನೋಡು ಅಂದಿದ್ದಿರಾ? ಎಂದೋ ಓದಿದ ಕವಿತೆಗಳು ಸಾಲುಸಾಲಾಗಿ ಬಾಯಿಗೆ ಬರುತ್ತವೆ. ತಂದೆಯ ಒಂದು ಮಾತು ಪೂರ್ತಿ ಬರುವುದಿಲ್ಲ. ಅಥವಾ ನೀವೇ ಅದನ್ನು ಪೂರ್ತಿ ಹೇಳಲಿಲ್ಲವೋ? ಈ ಅಮಾವಾಸ್ಯೆಯಿಂದೀಚೆಗೆ ನನಗೆ ಎಲ್ಲದರ ಮೇಲೂ ಸಂಶಯ. ನಿಮ್ಮ ಮೇಲೂ.

ಕುರಣದಲ್ಲಿ ನಾನು ಅತ್ತ ದಿನ ನೆನಪಿದೆಯೇ? ಜಮಖಂಡಿ ಸಂಸ್ಥಾನದ ಕುದುರೆಗಳಿಗೆಂದು ಕಾಯ್ದಿಟ್ಟ ಆ ಹುಲ್ಲುಗಾವಲಿನ ಉಸ್ತುವಾರಿ ನಿಮ್ಮದಾಗಿತ್ತು. ನಿಮ್ಮ ಹಿಂದೆ ಓಡಿಬಂದ ನನ್ನ ಪರಕಾರದ ನೆರಿಗೆಗಳ ತುಂಬ ಹುಲ್ಲುಬೀಜದ ಚೂಪು ಊಬು ಚುಚ್ಚಿಕೊಂಡಿತ್ತು. ನೀವು ಒಂದು ಊಬನ್ನು ಕಿತ್ತು, ನೀರು ತಾಗಿಸಿ, ನನ್ನ ಅಂಗೈ ಮೇಲಿಟ್ಟಿರಿ. ಅದರ ಬಾಲ ತಾನಾಗಿ ತಿರುಗತೊಡಗಿತು. “ಮಳಿ ಬಿದ್ದಾಗ ಹಿಂಗಽ ತಿರುಗಿ ನೆಲಾ ಕೊರೀತದ, ನೋಡು” ಅಂದಿರಿ. ಅಳು ನಿಂತಿತು. ಅಂದಿನಿಂದ ನನಗೆ ಹುಲ್ಲು ಬರೀ ಹುಲ್ಲಾಗಿ ಉಳಿಯಲಿಲ್ಲ. ಈಗ ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿ, ಕುದುರೆಗಳು ಹೋಗಿ, ಕುರಣದಲ್ಲಿ ಯಾರ ಯಾರದೋ ದನಗಳು ಮೇಯುತ್ತವೆ.

ದರ್ಭೆಯನ್ನು ಕಲಿಸಿದ್ದು ಹಳ್ಳದ ದಂಡೆಯಲ್ಲಿ. ಎಲೆಯ ಅಂಚನ್ನು ತುದಿಯಿಂದ ಬುಡದ ಕಡೆಗೆ ಸವರಿಸಿದಿರಿ. ಬೆರಳು ಕೊಯ್ದು ರಕ್ತ ಬಂತು. “ಮರೀಬ್ಯಾಡ, ಕಚ್ಚಿದ್ದು ದರ್ಭಿ.” ಅದರ ಬುಡ ಹಳದಿ, ತಿಕ್ಕಿದ ಕೊಂಬಿನಂತೆ ನುಣುಪು. ಎಲೆಯು ಕಾಂಡವನ್ನು ಬಿಟ್ಟು ಬಾಗುವ ಜಾಗವೇ ಕುತ್ತಿಗೆ. ಅಲ್ಲಿ ಗಿಡ್ಡ ಕೂದಲಿನ ಒಂದು ಸಾಲು, ಅಷ್ಟೇ. ಎಲೆಯ ನಡುವೆ ದಪ್ಪ ಬಿಳಿ ನರವಿದ್ದು, ಕುತ್ತಿಗೆಯ ಸುತ್ತ ಉದ್ದ ಕೂದಲಿದ್ದರೆ ಅದು ಕಾಶ. ಕಾವ್ಯಗಳಲ್ಲಿ ಶರತ್ಕಾಲ ಬಂದ ಕೂಡಲೇ ಬಿಳಿ ಚಾಮರ ಬೀಸುವ ಹುಲ್ಲು. ಇಷ್ಟು ಸ್ಪಷ್ಟವಾಗಿ ಹೇಳಿಕೊಟ್ಟವರು ನೀವು. ಅದಕ್ಕೇ ನಾನು ಮೋಸಹೋಗಲಾರೆ ಅಂದುಕೊಂಡಿದ್ದೆ.

ಶ್ರಾವಣದ ಅಮಾವಾಸ್ಯೆಗೆ ವರ್ಷಕ್ಕಾಗುವಷ್ಟು ದರ್ಭೆ ತರಲು ನಸುಕಿನಲ್ಲೇ ಹೊರಡುತ್ತಿದ್ದಿರಿ. ನಮ್ಮ ಮನೆಗಷ್ಟೇ ಅಲ್ಲ, ಓಣಿಯ ಮನೆಗಳಿಗೆಲ್ಲ. ಈ ಸಲ ಪುರೋಹಿತರಾದ ಗುಂಡಾಚಾರ್ಯರು ತಂದುಕೊಟ್ಟರು. ನಿಮ್ಮ ವರ್ಷದ ಶ್ರಾದ್ಧದಲ್ಲಿ ನನ್ನ ತಮ್ಮ ವಸಂತನ ಬೆರಳಿಗೆ ಪವಿತ್ರದ ಉಂಗುರವಾಗಬೇಕಾದದ್ದು ಅದೇ ಹುಲ್ಲು. ಕಟ್ಟು ಬಿಚ್ಚಿದೆ. ಅಂಚು ಸವರಿದೆ, ತುಸು ಒರಟೆನಿಸಿತು, ಕಚ್ಚಲಿಲ್ಲ. ಬುಡದಲ್ಲಿ ಹೊಳಪಿಲ್ಲ. ನಡುವೆ ಬಿಳಿ ನರ. ಕುತ್ತಿಗೆಯಲ್ಲಿ ಉದ್ದ ಕೂದಲು.

“ವಸಂತಾ, ಇದು ದರ್ಭಿ ಅಲ್ಲೋ” ಅಂದೆ.

“ಅಕ್ಕಾ, ನೀ ಎಂ.ಎ. ಮಾಡಿದ್ದು ಕಾವ್ಯದಾಗ, ಹುಲ್ಲಿನಾಗಲ್ಲ. ಆಚಾರ್ರನ್ನ ಕೆಣಕಬ್ಯಾಡ. ನಾಳೆ ನಮ್ಮ ಮನೀಗೆ ಯಾರು ಬರ್ತಾರ?”

ನಾನು ಕೆಣಕಿದೆ. ಗುಂಡಾಚಾರ್ಯರು ಜಗಲಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು.

“ನನ್ನ ಮ್ಯಾಲ ಸಂಶಯ ಏನು, ತಂಗಿ? ನಿಮ್ಮ ತಾತ್ಯಾ ಕೀಳೋ ಜಾಗಾದಾಗಽ ಕಿತ್ತೇನಿ. ಹೋದ ವರ್ಷ ಅವರ ಸಂಗಡ ನಾನೂ ಹೋಗಿದ್ದೆ.”

“ಇದು ಕಾಶ ಅಲ್ಲೇನ್ರಿ, ಆಚಾರ್ಯರ?”

“ದರ್ಭಿ ಸಿಗದಿದ್ರ ಕಾಶ ನಡೀತದವಾ.”

“ಸಿಗದಿದ್ರ, ಅಲ್ಲೇನ್ರಿ? ಹುಡುಕಿದ್ರೇನು?”

ಅವರು ಅಡಕತ್ತರಿಯನ್ನು ಮತ್ತೆ ಆಡಿಸತೊಡಗಿದರು. ನನಗೆ ಖಾತ್ರಿಯಾಯಿತು: ಹಳ್ಳದ ಆಚೆ ಕೆಸರಿಗಿಳಿಯಲು ಬೇಸರಪಟ್ಟು ಈಚೆಯೇ ಸಿಕ್ಕಿದ್ದನ್ನು ತಂದಿದ್ದಾರೆ, ಈಗ ನಿಮ್ಮ ಹೆಸರಿನ ಹಿಂದೆ ಅಡಗುತ್ತಿದ್ದಾರೆ. ಸತ್ತವರು ಸಾಕ್ಷಿ ಹೇಳಲು ಬರುವುದಿಲ್ಲವಲ್ಲ?

ಹೋದ ಭಾದ್ರಪದದಲ್ಲಿ ನೀವು ಹೋದಾಗ ಅಟ್ಟದಿಂದ ದರ್ಭೆಯ ಕಟ್ಟು ಇಳಿಸಿಕೊಟ್ಟವಳು ನಾನೇ. ನೀವೇ ಕಿತ್ತು ತಂದ ಕಟ್ಟು; ಅದರಲ್ಲೇ ನಿಮ್ಮ ಕರ್ಮವೂ ನಡೆಯಿತು. ಆಗ ಕಣ್ಣೀರಿನಲ್ಲಿ ಯಾರು ಹುಲ್ಲಿನ ನರ ನೋಡುತ್ತಾರೆ? ಆಚಾರ್ಯರ ಸುಳ್ಳು ಬಯಲಾಗಲಿ ಎಂದು ಅದರ ಉಳಿಕೆಯನ್ನು ಹುಡುಕಿ ಕಿಟಕಿಯ ಬೆಳಕಿಗೆ ಹಿಡಿದೆ. ಬಿಳಿ ನರ, ತಾತ್ಯಾ. ಉದ್ದ ಕೂದಲು. ಮುಟ್ಟಿದರೆ ಕೊಯ್ಯದ ಅಂಚು. ನಿಮಗೆ ತಿಳಿಯಲಿಲ್ಲ ಎಂದು ಹೇಗೆ ನಂಬಲಿ? ಕತ್ತಲಲ್ಲಿ ಬರೀ ಬೆರಳಿಂದ ಹುಲ್ಲು ಗುರುತಿಸುತ್ತಿದ್ದವರು! ತಿಳಿದೂ ತಂದಿರಾದರೆ, ಹಡೆದ ಆಯಿಯ ಕೈಗೆ ಕೊಡುತ್ತ “ದರ್ಭಿ ತಂದೇನಿ” ಅನ್ನುತ್ತಿದ್ದಿರಲ್ಲ, ಅದು... ಅಜ್ಜನ ಶ್ರಾದ್ಧ ಮಾಡಿದ್ದೂ ಇದರಿಂದಲೇ? ದರ್ಭೆಯ ವಿಷಯದಲ್ಲಿ ಸುಳ್ಳಾಡಿದವರು ನನಗೆ ಕಲಿಸಿದ ಉಳಿದ ಹೆಸರುಗಳನ್ನು ನಾನು ಯಾವ ಧೈರ್ಯದ ಮೇಲೆ ಹೇಳಲಿ? ನಾಡಿದ್ದು ನಿಮ್ಮ ಶ್ರಾದ್ಧ. ಯಾವ ಹುಲ್ಲನ್ನು, ಯಾವ ತಂದೆಗೆಂದು ವಸಂತನ ಕೈಗೆ ಕೊಡಲಿ?

ನೀವು ನಡೆಯುತ್ತಿದ್ದ ದಾರಿಯಲ್ಲೇ ನಿನ್ನೆ ಹಳ್ಳಕ್ಕೆ ಹೋದೆ. ಆಚಾರ್ಯರು ಕಿತ್ತ ಜಾಗ ಕಾಣಿಸಿತು. ಪಕ್ಕದಲ್ಲಿ ಉಳಿದ ಪೊದೆಗಳು ಆಗಲೇ ಬೆಳ್ಳಗೆ ಹೂಬಿಟ್ಟಿದ್ದವು, ಕಾಶವೇ, ಮಾತಿಲ್ಲ. ತಲೆಯೆತ್ತಿದರೆ ಎದುರಿಗೇ, ಗೌರವ್ವನ ಹೊಲಕ್ಕೆ ಹಳ್ಳದ ಕಡೆ ಹಾಕಿದ ಮಣ್ಣಿನ ಒಡ್ಡಿನ ಉದ್ದಕ್ಕೂ, ದರ್ಭೆ. ಕಂದು ಬಣ್ಣದ ಸಪೂರ ತೆನೆ, ಹಳದಿ ಬುಡ. ಸವರಿ ನೋಡಿದೆ, ಬೆರಳು ಕೊಯ್ಯಿತು. ಒಂದು ಬುಡವನ್ನೂ ಯಾರೂ ಕಿತ್ತ ಗುರುತಿಲ್ಲ. ಸಿಗದಿದ್ದರೆ ಕಾಶ ನಡೆಯುತ್ತದಂತೆ. ಇದು ಕಣ್ಣಿಗೆ ರಾಚುವಂತೆ ನಿಂತಿತ್ತಲ್ಲ! ಹಿಂದಿನ ಓಣಿಯ ಗೌರವ್ವ, ಗಂಡ ತೀರಿದ ಮೇಲೆ ಒಬ್ಬಳೇ ಆ ಹೊಲ ಮಾಡಿಕೊಂಡಿರುವವಳು, ಕಳೆ ತೆಗೆಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಮಾತಾಡಿಸಿದರೆ ಬೆನ್ನು ತಿರುಗಿಸಿ ಮತ್ತೆ ಕಳೆಗೆ ಬಾಗಿದಳು. ಇವಳೂ ಏನನ್ನೋ ಮುಚ್ಚಿಡುತ್ತಿದ್ದಾಳೆ ಅನ್ನಿಸಿತು. ನಾನೇ ಬಂದು ಕಿತ್ತರಾಯಿತು, ಪಿತೃಕಾರ್ಯಕ್ಕೆ ಬೇರುಸಹಿತ ಬೇಕು ಎಂದುಕೊಂಡು ಮನೆಗೆ ಬಂದು ಬುಡ ಅಗೆಯುವ ಖುರಪಿಯನ್ನು ಹುಡುಕಿ ತೆಗೆದಿಟ್ಟೆ.

ಇಂದು ಬೆಳಿಗ್ಗೆ ಹೊರಡುವಷ್ಟರಲ್ಲಿ ಗೌರವ್ವ ಬಾಗಿಲಲ್ಲಿದ್ದಳು. ನೀವು ಪಡಸಾಲೆಯಲ್ಲಿ ಕೂತಿರುತ್ತಿದ್ದಾಗ ಬಂದು ನಿಲ್ಲುತ್ತಿದ್ದಳಲ್ಲ, ಹಾಗೇ ಕಂಬ ಹಿಡಿದು.

“ಖುರಪಿ ತೊಗೊಂಡ ಎಲ್ಲಿಗ್ರಿ, ಅಕ್ಕಾರ?”

“ಯಾಕ, ಗೌರವ್ವ?”

“ನಿನ್ನಿ ನನ್ನ ಒಡ್ಡಿನ ಮ್ಯಾಲಿನ ದರ್ಭಿ ಹಿಡದ ಹಿಡದ ನೋಡಾಕತ್ತಿದ್ರಿ. ನಿಮಗ ಬೇರಸುದ್ದಾ ಬೇಕಲ್ರಿ? ಆ ಬೇರಽ ನನ್ನ ಒಡ್ಡ ಹಿಡದ ನಿಂತಾವ್ರಿ. ಒಡ್ಡ ಹಾಕಿಸಿದ ವರ್ಷ ತಾತ್ಯಾರೂ ಹಿಂಗಽ ಖುರಪಿ ಹಿಡಕೊಂಡ ಬಂದಿದ್ರು. ಅವರ ಮುಂದ ಅತ್ತೆ. ಒಂದ ಗಡ್ಡಿ ಅಗದ ಬೇರ ನೋಡಿದ್ರು, ತಿರುಗಿ ಮಣ್ಣ ಮುಚ್ಚಿದ್ರು. ‘ಇದನ್ನ ನಾ ಕೀಳೂದಿಲ್ಲ, ಮಂದಿಗೆ ತೋರಸೂದೂ ಇಲ್ಲ’ ಅಂದ್ರು. ನೀವು ಓದಿದವ್ರು, ಹುಡುಕಿ ತಗದ್ರಿ.”

ಅವಳ ದನಿಯಲ್ಲಿ ಮೆಚ್ಚುಗೆಯಿರಲಿಲ್ಲ. ಇಷ್ಟು ದಿನ ನಾನು ಊರನ್ನೆಲ್ಲ ಸಂಶಯದಿಂದ ನೋಡಿದೆನಲ್ಲ, ಈಗ ಅದೇ ನೋಟ ನನ್ನ ಮೇಲಿತ್ತು.

ಹಾಗಾದರೆ ಆ ಮಾತು “ಆಮ್ಯಾಲೆ ಅದು ನಿಂತ ನೆಲಾ ನೋಡು” ಎಂದಿದ್ದಿರಬಹುದೇ? ಇರಬಹುದು. ನನಗೆ ಬೇಕಾದ ಹಾಗೆ ಜೋಡಿಸುತ್ತಿದ್ದೇನೋ ಏನೋ, ಅದರ ಮೇಲೂ ನನಗೆ ನಂಬಿಕೆಯಿಲ್ಲ. ಆದರೆ ಒಂದು ಕೇಳಲೇ? ಊರಿಗೆ ಹೇಳಲಿಲ್ಲ, ಸರಿ. ಹೇಳಿದ್ದರೆ ನಿಮ್ಮ ಹಿಂದೆ ಎಲ್ಲರೂ ಅಗೆಯಲು ಬರುತ್ತಿದ್ದರು. ನನಗೇಕೆ ಹೇಳಲಿಲ್ಲ? ಮಗಳು ಆಯಿಯ ಮುಂದೆ ಬಾಯಿ ಬಿಟ್ಟಾಳು ಎಂದೇ? ಸಂಶಯ ನಿಮ್ಮಿಂದಲೇ ನನಗೆ ಬಂದದ್ದಿರಬೇಕು.

ನೀವು ಕೇಳದೆ ಹೋದ ಸುದ್ದಿಯೊಂದಿದೆ. ಈ ಮಳೆಗಾಲ ಹಳ್ಳ ದಂಡೆ ಮೀರಿ ಹರಿಯಿತು. ಗೌರವ್ವನ ಮೇಲಿನ ಹೊಲದವರ ಒಡ್ಡುಗಳೆಲ್ಲ ಒಡೆದುಹೋದವು. ಅವಳದು ನಿಂತಿದೆ, ನಿನ್ನೆ ನಾನೇ ಅದರ ಮೇಲೆ ನಡೆದಾಡಿ ಬಂದೆ, ತಿಳಿಯದೆ.

ನಾಡಿದ್ದು ವಸಂತನ ಬೆರಳಿಗೆ ಕಾಶದ ಪವಿತ್ರವೇ. ಅವನು ಕೇಳಿದರೆ ದರ್ಭೆ ಎಂದೇ ಹೇಳುತ್ತೇನೆ, ನೀವು ಹೇಳುತ್ತಿದ್ದ ಹಾಗೆ, ಮುಖ ನೋಡದೆ. ಮುಂದಿನ ಅಮಾವಾಸ್ಯೆಗೆ ಆಚಾರ್ಯರ ಜೊತೆ ನಾನೂ ಹೋಗಿ, ಒಡ್ಡಿನ ಕಡೆ ಅವರ ಕಣ್ಣು ಹೊರಳದಂತೆ ಮಾತಾಡಿಸುತ್ತ ನಿಲ್ಲುತ್ತೇನೆ. ಕಾಶ ತೊಟ್ಟ ಕೈಯಿಂದ ಇಟ್ಟ ಪಿಂಡ ನಿಮಗೆ ಮುಟ್ಟದಿದ್ದರೆ ಆಗ ಬಂದು ನನ್ನನ್ನು ಕೇಳಿ.

ಇದೆಲ್ಲ ನಿಶ್ಚಯವಾದದ್ದು ಬೆಳಿಗ್ಗೆ ಗೌರವ್ವ ಹೋದ ಮೇಲೆ. ಅವಳು ಬಾಗಿಲಲ್ಲಿದ್ದಾಗ ಖುರಪಿ ಇನ್ನೂ ಕೈಯಲ್ಲೇ ಇತ್ತು. ಅವಳು ಅದನ್ನು ನೋಡಿದಳು, ನನ್ನ ಮುಖ ನೋಡಿದಳು, ಹೊಸ್ತಿಲ ಆಚೆಯೇ ನಿಂತು ಕೇಳಿದಳು:

“ಅವರು ಹೋದ್ರಂತ ಅವರ ಮಾತೂ ಹೋತೇನ್ರಿ, ಅಕ್ಕಾರ?”