ಓದದೆ ಹಾಕಿದ ಸಹಿ

ಪ್ರೀತಿಯ ರೊಕಿ,

ನೀನು ಕೆಲಸಕ್ಕಿದ್ದ ಅಮೆರಿಕದ ಸೈನ್ಯದ ಕ್ಯಾಂಪಿನ ಅಡುಗೆಮನೆಗೆ ರಾಕೆಟ್ ಬಿದ್ದು ನೀನು ಹೋಗಿ ಎಂಟು ತಿಂಗಳಾಯಿತು. ಇವತ್ತು ಮಧ್ಯಾಹ್ನ ಇಲ್ಲಿ ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿ ನಾನು ಬಡಿಸುವ ಹೋಟೆಲಿಗೆ ಅಮೆರಿಕದ ಸಂಸದರೊಬ್ಬರು ಊಟಕ್ಕೆ ಬಂದಿದ್ದರು. "ಸೈನಿಕರನ್ನು ವಾಪಸ್ ಕರೆಸುವ ದಿನಾಂಕ ಹೇಳದೆ ಯುದ್ಧಕ್ಕೆ ಹಣ ಮಂಜೂರು ಮಾಡಬೇಡಿ" ಎಂದು ಇಂಗ್ಲಿಷಿನಲ್ಲಿ ಬರೆದು, ಕಾಫಿ ಕೊಡುವಾಗ ಅವರ ಮುಂದಿಟ್ಟೆ. ಆತ ಓದಲೇ ಇಲ್ಲ. ಆಟೋಗ್ರಾಫ್ ಕೇಳಿದೆನೆಂದುಕೊಂಡು, ಕೇಕು ಜಗಿಯುತ್ತಲೇ ಅದರ ಮೇಲೆ ಸಹಿ ಗೀಚಿ ನನಗೇ ಕೊಟ್ಟ. ಹೇಸಿಗೆಯಾಯಿತು. ನಾನು ನಕ್ಕು "ಥ್ಯಾಂಕ್ಯೂ ಸರ್" ಅಂದದ್ದು ಇನ್ನೂ ಹೇಸಿಗೆ.

"ಸೈನಿಕರು ಹೊರಟ ದಿನವೇ ನಾನೂ ಬರುದು ಅಕ್ಕ, ಆದ್ರೆ ಯಾವಾಗಂತ ಯಾರೂ ಹೇಳುದಿಲ್ಲ" ಅಂತ ಫೋನಿನಲ್ಲಿ ಅಂದಿದ್ದೆ ನೀನು. "ಇನ್ನೊಂದು ಆರು ತಿಂಗಳು ಸುಧಾರಿಸು ಮಾರಾಯ, ಒಳ್ಳೆ ಕೆಲಸ" ಅಂದವಳು ನಾನು.

ನಿನ್ನ ಅಕ್ಕ
ಕ್ಲೊಟಿಲ್ಡಾ