ಗಿರಣಿಯ ಪಾಲಿನ ಕಾವಲು

ಭಾನುವಾರ, ಬೆಳಿಗ್ಗೆ

ನನ್ನ ಮುದ್ದಿನ ಮಹಾರಾಯರಿಗೆ,

ಮುದ್ದು ಅಂತ ಬರೆದದ್ದು ಕೈಗೆ ಬಿದ್ದ ಅಭ್ಯಾಸ, ಮೋಸ ಹೋಗಬೇಡಿ. ನನಗೆ ಎಷ್ಟು ಸಿಟ್ಟು ಬಂದಿದೆಯೆಂದರೆ, ಇಸ್ತ್ರಿ ಹಾಕುತ್ತಾ ನಿಮ್ಮ ನೀಲಿ ಅಂಗಿಯ ಕಾಲರನ್ನೇ ಸುಟ್ಟೆ. ಬೇಕಂತಲ್ಲ, ಆದರೆ ಬೇಜಾರೂ ಆಗಲಿಲ್ಲ. ಫೋನಿನಲ್ಲಿ ಜಗಳಕ್ಕೆ ನಿಂತರೆ ನೀವು ಒಂದೇ ಒಂದು ಸಲ "ಚಿನ್ನಾ" ಅನ್ನುತ್ತೀರಿ, ನಾನು ಬೆಣ್ಣೆಯ ಹಾಗೆ ಕರಗಿಬಿಡುತ್ತೇನೆ. ಇಂಗ್ಲಿಷಿನಲ್ಲಿ ಬರೆಯೋಣವೆಂದರೆ ರಜಾ ಅರ್ಜಿಯ ಹಾಗೆ ಕಾಣುತ್ತದೆ, ಅದರಲ್ಲಿ ನನಗೆ ನೆಟ್ಟಗೆ ಬೈಯಲು ಬರುವುದಿಲ್ಲ. ಅದಕ್ಕೇ ಈ ಕಾಗದ, ಈಗಲೇ ಬಸ್ಸಿನವರ ಕೈಯಲ್ಲಿ ಕಳಿಸುತ್ತೇನೆ, ಸಂಜೆಗೆ ನಿಮಗೆ ಸಿಗುತ್ತದೆ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ಬೈಗುಳ ಮಾತ್ರ ಇದ್ದಂತೆಯೇ ಓದಿ.

ಮದುವೆಯಾದ ವಾರವೇ ನೀವು ಹಾಸಿಗೆಯ ಮೇಲೆ ಅಂಗಿ ಗುಂಡಿಗಳನ್ನೇ ಪೊಲೀಸರೆಂದು ಹರಡಿ ನಿಮ್ಮ ಕೆಲಸ ವಿವರಿಸಿದಿರಿ. ಇಡೀ ದೇಶವನ್ನು ಒಂದೇ ದಿನ ಕಾಯುವಷ್ಟು ಪೊಲೀಸರಿಲ್ಲ, ಅದಕ್ಕೇ ಮತದಾನ ಹಂತ ಹಂತವಾಗಿ ನಡೆಯುತ್ತದೆ, ಅದೇ ಜನ ರೈಲು ಹತ್ತಿ ಊರೂರು ತಿರುಗುತ್ತಾರೆ, ಇಲ್ಲೊಂದು ಗುಂಡಿ ಜಾಸ್ತಿಯಿಟ್ಟರೆ ಅಲ್ಲೊಂದು ಮತಗಟ್ಟೆ ಬರಿದಾಗುತ್ತದೆ ಎಂದಿರಿ. ನನಗೆ ನಿಮ್ಮನ್ನು ಕಂಡು ಎಂಥ ಹೆಮ್ಮೆ! ಜಿಲ್ಲೆಯ ಕಾವಲು ಹಂಚುವುದೇ ನಮ್ಮವರು ಅಂತ ಶಾಲೆಯ ಸ್ಟಾಫ್ ರೂಮಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದ್ದೆ.

ಮತದಾನದ ದಿನ ನನ್ನ ಡ್ಯೂಟಿ ಲೈಬ್ರರಿಯ ಮತಗಟ್ಟೆಯಲ್ಲಿ. ಸುತ್ತ ಪೆನ್ಶನ್‌ದಾರರ ಮನೆಗಳು, ಜಗಳವೆಂದರೆ ನಾಯಿಗಳದ್ದೇ. ಒಬ್ಬರೇ ಕಾನ್‌ಸ್ಟೇಬಲ್ ಇರಬೇಕಾದ ಕಡೆ ಬಂದೂಕು ಹಿಡಿದ ನಾಲ್ವರು ಬಂದಿಳಿದರು. ನಾನು ಕುರ್ಚಿ ಬಿಟ್ಟೆದ್ದರೆ ಅವರೂ ಹಿಂದೆ ಬಂದರು. ಬಾತ್‌ರೂಮಿನ ಬಾಗಿಲ ತನಕ ಬಂದಾಗ, ಇದೇನ್ರೀ ಅಂತ ಅವರ ಮುಖ್ಯಸ್ಥನನ್ನು ಕೇಳಿದೆ. "ಸಾಹೇಬ್ರ ಆರ್ಡರ್ ಮೇಡಂ. ನಿಮ್ಮನ್ನ ಬಿಟ್ಟು ಕದಲಬಾರ್ದಂತೆ. ಗಿರಣಿ ಬೂತಿಗೆ ಹೊರಟಿದ್ವಿ, ದಾರೀಲೇ ಫೋನ್ ಮಾಡಿ ತಿರುಗಿಸಿದ್ರು" ಅಂದ.

ಅಷ್ಟೂ ಬಂದೂಕು ನೋಡಿ ಬಾಗಿಲಲ್ಲೇ ಹಿಂದಿರುಗಿದ ಮುದುಕಿಯರೆಷ್ಟೋ. ಒಬ್ಬಾಕೆ, "ಓಟ್ ಹಾಕಕ್ಕೆ ಬಂದಿದೀನಪ್ಪಾ, ಬ್ಯಾಂಕ್ ದೋಚಕ್ಕಲ್ಲ" ಅಂತ ಗದರಿಕೊಂಡೇ ಹೋದರು.

ಆಮೇಲೆ ಗಿರಣಿಯ ಸುದ್ದಿ ಬಂತು. ಹೋದ ಸಲವೂ ತಲೆಗಳು ಒಡೆದ ಜಾಗ, ಅಲ್ಲಿ ಬಂದೂಕಿಲ್ಲದೆ ಮತಯಂತ್ರ ಉಳಿಯುವುದಿಲ್ಲ ಎಂದು ನನಗೆ ಹೇಳಿದ್ದು ನೀವೇ. ಲಾಠಿ ಹಿಡಿದ ಒಬ್ಬ ಮುದುಕ ಕಾನ್‌ಸ್ಟೇಬಲ್ ಮಾತ್ರ ಅಲ್ಲಿದ್ದನಂತೆ. ಗುಂಪು ನುಗ್ಗಿದಾಗ ನಮ್ಮ ಶಾಲೆಯ ಜಿಯೋಗ್ರಫಿ ಮಿಸ್ ಮತಯಂತ್ರವನ್ನು ಅಪ್ಪಿ ಹಿಡಿದುಕೊಂಡರಂತೆ. ಹೆಗಲ ಮೂಳೆ ಮುರಿದಿದೆ, ಯಂತ್ರ ಚರಂಡಿಗೆ ಹೋಯಿತು. ಪಾಳಿ ಮುಗಿಸಿ ನಿದ್ದೆಗೆಟ್ಟು ಸಾಲು ನಿಂತವರ ಓಟೆಲ್ಲ ಅದರ ಜೊತೆಗೇ ಹೋಯಿತು.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಮಿಸ್ ನಗುತ್ತಲೇ, "ನಿನ್ ಗಂಡ ಭಾರೀ ಕಾವಲು ಹಾಕ್ಸಿದ್ನಂತಲ್ಲೇ! ಒಳ್ಳೇದಾಯ್ತು ಬಿಡು, ಹೊಸ ಮದುಮಗಳು ನೀನು" ಅಂದರು. ಆ ನಾಲ್ವರು ಎಲ್ಲಿಗೆ ಹೊರಟಿದ್ದವರೆಂದು ಅವರಿಗೆ ಗೊತ್ತಿಲ್ಲ. ಅವರು ನನ್ನ ಕೆನ್ನೆಗೆ ಎರಡು ಬಿಗಿದಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಅಷ್ಟರ ಮೇಲೆ ನಿಮ್ಮ ಫೋನು! ಗಿರಣಿಯ ಗಲಾಟೆಯ ಬಗ್ಗೆ ನಾಳೆ ನಡೆಯುವ ವಿಚಾರಣೆಯಲ್ಲಿ ನಾನು, ನಮ್ಮ ಮತಗಟ್ಟೆಯ ಹತ್ತಿರ ಗಲಾಟೆಯಾಗುವ ಹಾಗಿತ್ತು, ನಾನೇ ಕಾವಲು ಕೇಳಿದೆ ಅನ್ನಬೇಕಂತೆ. "ಒಂದೇ ಮಾತು ಚಿನ್ನಾ, ಕೆಲಸ ಉಳಿಯುತ್ತೆ" ಅಂದಿರಿ. ನಿಮ್ಮಮ್ಮ ಪಕ್ಕದಲ್ಲೇ ಕೇಳಿಸಿಕೊಂಡು, "ಕಟ್ಕೊಂಡ ಗಂಡನ ಹೊಟ್ಟೆ ಮೇಲೆ ಹೊಡೀಬೇಡಮ್ಮ" ಅಂತ ಕಣ್ಣೊರೆಸಿಕೊಂಡರು. ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಅವರು ಅಮ್ಮ, ಇನ್ನೇನು ಅಂದಾರು?

ನಿಮ್ಮ ಮೇಲಿದೆ ಸಿಟ್ಟು. ಪ್ರೀತಿಗೆ ಮಾಡಿದೆ ಅಂದಿರಲ್ಲ, ಅದಕ್ಕೇ ಇನ್ನೂ ಜಾಸ್ತಿ. ನನಗೆ ಹೂವು ತಂದುಕೊಡಿ, ಸಿನಿಮಾಕ್ಕೆ ಕರೆದೊಯ್ಯಿರಿ, ರಸ್ತೆಯಲ್ಲಿ ಕೈ ಹಿಡಿದು ನಡೆಯಿರಿ, ಯಾರು ಬೇಡವೆಂದರು? ಆದರೆ ಆ ನಾಲ್ವರು ನಿಮ್ಮ ಜೇಬಿನವರಲ್ಲ ರೀ, ಗಿರಣಿಯವರ ಪಾಲು. ಜಿಲ್ಲೆಗೊಬ್ಬ ನಿಮ್ಮಂಥ ಗಂಡ ಸಾಕು, ದೇಶದ ಚುನಾವಣೆ ಮುಗಿದ ಹಾಗೆ.

ಈಗ ಮುಂದಿನ ಹಂತದ ಕಾವಲು ಹಂಚಲು ಬೇರೆ ಊರಿಗೆ ಹೋಗಿದ್ದೀರಿ. ಅಲ್ಲಿ ನಿಮಗೆ ಹೆಂಡತಿಯಿಲ್ಲ ಅಂತ ನಂಬಿದ್ದೇನೆ. ಅಲ್ಲಾದರೂ ಲೆಕ್ಕ ಸರಿಯಾಗಿರಲಿ.

ನಾಳೆ ನಾನು ಸುಳ್ಳು ಹೇಳುವುದಿಲ್ಲ. ಕೇಳಿದ್ದು, ಕಂಡಿದ್ದು, ಎಲ್ಲ ಹೇಳುತ್ತೇನೆ. ನನಗಿಂತ ಮೊದಲು ನೀವೇ ಬಾಯಿಬಿಟ್ಟು ಒಪ್ಪಿಕೊಂಡರೆ, ಆಮೇಲೆ ಏನೇ ಬಂದರೂ ನಿಮ್ಮ ಪಕ್ಕದಲ್ಲೇ ನಿಲ್ಲುತ್ತೇನೆ. ಕೆಲಸ ಹೋದರೆ ನನ್ನ ಸಂಬಳದಲ್ಲಿ ಗಂಜಿ ಕುಡಿಯೋಣ. ಸುಳ್ಳಿನ ಮೇಲೆ ಉಳಿದ ಕೆಲಸದ ಅನ್ನ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಅಂಥವರನ್ನು "ರೀ" ಅಂತ ಕರೆಯಲು ನಾಲಿಗೆಯೂ ಏಳುವುದಿಲ್ಲ. ನೆನಪಾದಾಗಲೆಲ್ಲ ನಗು ಬರುವಂಥ ಗಂಡ ನೀವು, ನಿನ್ನೆಯಿಂದ ನೆನೆಸಿಕೊಂಡರೆ ಹಲ್ಲು ಕಡಿಯುವಂತಾಗಿದೆ. ಅದನ್ನೂ ನೀವೇ ಸರಿಮಾಡಬೇಕು.

ಇಷ್ಟು ಬೈದರೂ ಇನ್ನೂ ನಿಮ್ಮವಳೇ ಆದ,
ನಿಮ್ಮ ಜಗಳಗಂಟಿ

ತಾ.ಕ.: ಗಿರಣಿಯಲ್ಲಿ ಗುರುವಾರ ಮರುಮತದಾನ. ಜಿಯೋಗ್ರಫಿ ಮಿಸ್ ಜಾಗದಲ್ಲಿ ಕೂರಲು ಯಾರೂ ಒಪ್ಪಲಿಲ್ಲ, ನಿನ್ನೆ ಆಸ್ಪತ್ರೆಯಿಂದ ನೇರ ಚುನಾವಣಾ ಕಚೇರಿಗೆ ಹೋಗಿ ನನ್ನ ಹೆಸರು ಕೊಟ್ಟು ಬಂದೆ. ಅತ್ತೆಗೆ ಇನ್ನೂ ಹೇಳಿಲ್ಲ. ನಿಜ ಹೇಳಲೇ? ತುಂಬಾ ಭಯವಾಗುತ್ತಿದೆ ರೀ. ಆದರೂ ದಯವಿಟ್ಟು ಯಾರಿಗೂ ಫೋನ್ ಮಾಡಬೇಡಿ.