ಕೆಂಪು ಬಳಿದ ತುದಿ

ಕಾರ್ಖಾನೆ ಹಿಂದಿನ ಬೀದಿ,
ಮೂರನೇ ತಾರೀಕು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮಗನಿಗೆ,

ನಿನ್ನ ಮಂಡಿನೋವು ಹೇಗಿದೆ? ಸೊಸೆಯ ರಕ್ತದೊತ್ತಡ ಇಳಿಯಿತಾ? ಮೊಮ್ಮಗಳ ಹಲ್ಲಿಗೆ ಕಟ್ಟಿದ ತಂತಿ ಬಿಚ್ಚಿದರಾ, ಇಲ್ಲ ಇನ್ನೂ ಬಿಗಿಯುತ್ತಲೇ ಇದ್ದಾರಾ? ನಿನ್ನ ಅತ್ತೆಗೆ ಕೆಮ್ಮು ಕಡಿಮೆಯಾಗಿದ್ದರೆ ಸರಿ, ಆಗದಿದ್ದರೆ ಡಾಕ್ಟರನ್ನು ಬದಲಾಯಿಸು, ಔಷಧಿಯನ್ನಲ್ಲ. ನಾನು ಚೆನ್ನಾಗಿದ್ದೇನೆ. ಎಡಗಿವಿ ಪೂರ್ತಿ ಹೋಯಿತು. ಬಲಗಿವಿಗೆ ಪಕ್ಕದ ಮನೆ ದರ್ಜಿಯ ಮಿಷನ್ ಸದ್ದೇ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸುತ್ತದೆ. ಅದು ಹೋಗಿದ್ದರೆ ಒಳ್ಳೆಯದಿತ್ತು.

ಮೊನ್ನೆ ಫೋನಿನಲ್ಲಿ ನಾನು ಕೂಗಾಡಿದೆ, ನೀನು ಫೋನ್ ಇಟ್ಟುಬಿಟ್ಟೆ. ತಪ್ಪಿಲ್ಲ, ನಾನಾದರೂ ಇಡುತ್ತಿದ್ದೆ. ಬರುವ ಭಾನುವಾರ ನಿಮ್ಮ ಹಳೇ ಸೈಕಲ್ ಸಂಘದವರ ಜೊತೆ ನೀರಿನ ಟ್ಯಾಂಕಿನಿಂದ ಸೇತುವೆವರೆಗೆ ಇಳಿಜಾರಿನಲ್ಲಿ, ಹೊಸದಾಗಿ ತಗೊಂಡ ಆ ಹಳೇ ಸೈಕಲ್ ಓಡಿಸುತ್ತೇನೆ ಅಂತ ನೀನು ಹೇಳಿದೆ. ನಾನು ಹತ್ತಬೇಡ ಅಂದೆ. ಯಾಕೆ ಅಂತ ನೀನು ಕೇಳಿದೆ. ಬೇಡ ಅಂದರೆ ಬೇಡ ಅಂದೆ ನಾನು. ಆಗ ನೀನು ನಕ್ಕೆ. "ಅಪ್ಪಾ, ನನಗೀಗ ಐವತ್ತೆರಡು. ಒಂದೇ ಒಂದು ಕಾರಣ ಹೇಳು, ಹತ್ತೋದಿಲ್ಲ" ಅಂತ ಹೇಳಿದೆ. ಚಿಕ್ಕವನಿದ್ದಾಗಿನಿಂದ ನಾನು ಬೇಡ ಅಂದಿದ್ದನ್ನೆಲ್ಲ ಮಾಡಿದವನು ನೀನು. ಬಾವಿಕಟ್ಟೆ ಹತ್ತಬೇಡ ಅಂದರೆ ಹತ್ತಿದೆ, ಆ ಕೆಲಸಕ್ಕೆ ಸೇರಬೇಡ ಅಂದರೆ ಸೇರಿದೆ. ಯಾವುದಕ್ಕೂ ನಾನು ಕಾರಣ ಕೊಟ್ಟವನಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಗರಗಸ ಹಿಡಿದವನು ನಾನು. ಗರಗಸಕ್ಕೆ ಕಾರಣ ಬೇಡ, ಗುರುತು ಸಾಕು. ಈ ಸಲ ಕಾರಣ ಕೊಡುತ್ತಿದ್ದೇನೆ. ಅದಕ್ಕೇ ಈ ಕಾಗದ. ಉದ್ದವಾಗುತ್ತದೆ, ಕೂತು ಓದು.

ನೀನು ಕಳಿಸಿದ ಸಂಘದ ಪುಸ್ತಿಕೆಯನ್ನು ಭೂತಗನ್ನಡಿ ಹಿಡಿದು ಎರಡು ಸಲ ಓದಿದೆ. "ಹದಿನೇಳನೇ ಮಾದರಿಯ ಇತಿಹಾಸ" ಅಂತ ಹೆಸರು ಕೊಟ್ಟಿದ್ದಾರೆ. ಬರೆದವನು ಯಾರೋ, ಕೈಗೆ ಎಣ್ಣೆ ಅಂಟಿಸಿಕೊಂಡವನಂತೂ ಅಲ್ಲ. ಅದನ್ನು ಹದಿನೇಳನೇ ಮಾದರಿ ಅಂತ ನಮ್ಮಲ್ಲಿ ಯಾರೂ ಕರೆದವರಿಲ್ಲ. ನಾವು ಅದನ್ನು ಕಡ್ಡಿ ಅನ್ನುತ್ತಿದ್ದೆವು. ಅಲ್ಲಿವರೆಗೆ ನಮ್ಮ ಕಾರ್ಖಾನೆಯಲ್ಲಿ ಹಾಲಿನವರಿಗೂ ಅಂಚೆಯವರಿಗೂ ಸೈಕಲ್ ಮಾಡುತ್ತಿದ್ದೆವು. ಎರಡು ಕ್ಯಾನ್ ಹಾಲು ಹೇರಿ ಮೇಲೆ ಹಾಲಿನವನೂ ಕೂತರೂ ಜಗ್ಗದ ಸೈಕಲ್ ಅದು. ಅದನ್ನು ಎತ್ತಬೇಕಾದರೆ ಇಬ್ಬರು ಬೇಕು. ಒಂದು ದಿನ ಯಜಮಾನರ ಅಳಿಯ ಎಲ್ಲಿಂದಲೋ ಒಂದು ರೇಸ್ ಸೈಕಲ್ ತಂದು, ಅಂಗಳದಲ್ಲಿ ನಿಂತು, ಎರಡು ಬೆರಳಲ್ಲಿ ಎತ್ತಿ ತೋರಿಸಿದರು. ಇಂಥದ್ದು ಮಾಡಿ ಅಂದರು. ನಮ್ಮ ಮೇಸ್ತ್ರಿ, ಹಲ್ಲಿನ ಸಂದಿಯಲ್ಲಿ ಸದಾ ಸೀಟಿ ಹೊಡೆಯುತ್ತಿದ್ದನಲ್ಲ ಅವನು, ಅವತ್ತು ಸೀಟಿ ನಿಲ್ಲಿಸಿದ. ಅಷ್ಟು ಗಾಬರಿ.

ಮೊದಲು ಮಾಡಿದ್ದು ಅಂಗಳ ದಾಟುವ ಮೊದಲೇ ಸೊಟ್ಟಗಾಯಿತು. ಎರಡನೆಯದು ಅಳಿಯಂದಿರನ್ನು ನೆಲಕ್ಕೆ ಕೆಡವಿತು. ನಮಗೇನೂ ಬೇಸರವಾಗಲಿಲ್ಲ. ಮೂರನೆಯದು ನಿಂತಿತು. ಪುಸ್ತಿಕೆಯಲ್ಲಿ ಬರೆದಿದ್ದಾರಲ್ಲ, ಬೆಳಗಿನ ಆಕಾಶ ನೋಡಿ ಆ ತಿಳಿಹಸಿರು ಬಣ್ಣ ಆರಿಸಿದರು ಅಂತ, ಅದು ಸುಳ್ಳು. ಆಸ್ಪತ್ರೆಯ ಮಂಚಗಳಿಗೆ ಬಳಿದು ಉಳಿದ ಬಣ್ಣ ಆರು ಡಬ್ಬಿ ಇತ್ತು, ಅದನ್ನೇ ಬಳಿದೆವು. ಹಿಂದಿನ ಕೊಳವೆಯಲ್ಲಿರುವ ಆ ತಗ್ಗು ಗಾಳಿಗೆ ದಾರಿ ಮಾಡಿದ್ದಂತೆ! ಹಿಂದಿನ ಚಕ್ರ ಕೊಳವೆಗೆ ಉಜ್ಜುತ್ತಿತ್ತು, ನಿನ್ನ ಸೋದರಮಾವ ಸುತ್ತಿಗೆ ತಗೊಂಡು ಒಂದು ಬಿಟ್ಟ, ಉಜ್ಜುವುದು ನಿಂತಿತು. ಕಡ್ಡಿ ಮಾಡಿದ ಒಂಬತ್ತು ವರ್ಷವೂ ಹಾಗೇ ಒಂದೊಂದು ಏಟು ಬಿಟ್ಟೇ ಕಳಿಸಿದೆವು. ಒಂದು ಮಾತು ಮಾತ್ರ ಸರಿಯಾಗಿ ಬರೆದಿದ್ದಾರೆ: ಕೊಳವೆಗಳು ಸೇರುವ ಜಾಗದ ಬೆಸುಗೆ ಚಿನ್ನದ ಕೆಲಸದ ಹಾಗಿದೆ ಅಂತ. ಬೆಸುಗೆ ಹಾಕಿದವನ ಹೆಸರು ಹಾಕಿಲ್ಲ. ಅದು ನಿನ್ನ ಮಾವ. ಊಟದ ಬಿಡುವಿನಲ್ಲೂ ಅರ ಹಿಡಿದು ಆ ಕೀಲುಗಳ ಅಂಚನ್ನು ಎಲೆಯಷ್ಟು ತೆಳ್ಳಗೆ ಉಜ್ಜುತ್ತಾ ಕೂರುತ್ತಿದ್ದ. ಯಾಕಪ್ಪ ಭಾವ, ಇದಕ್ಕೇನು ಹೆಣ್ಣು ನೋಡೋಕೆ ಬರ್ತಾರಾ ಅಂತ ನಾನು ರೇಗಿಸುತ್ತಿದ್ದೆ. ಅವನು ನಗುತ್ತಿದ್ದ, ಅರ ನಿಲ್ಲಿಸುತ್ತಿರಲಿಲ್ಲ.

ಇನ್ನು ಆ ಹನ್ನೆರಡರ ವಿಷಯ. ಸಾವಿರದ ಏಳುನೂರ ನಲವತ್ತರಿಂದ ಐವತ್ತೊಂದರವರೆಗಿನ ಸಂಖ್ಯೆಯ ಹನ್ನೆರಡು ಸೈಕಲ್‌ಗಳನ್ನು ಕಾರ್ಖಾನೆ ಗುಟ್ಟಾಗಿ ರೇಸ್ ತಂಡಕ್ಕೆ ಅಂತಲೇ ಮಾಡಿತು, ಉಳಿದವಕ್ಕಿಂತ ಅವು ಹಗುರ, ಯಾಕೆ ಹಗುರ ಅನ್ನುವುದು ಇವತ್ತಿಗೂ ಗುಟ್ಟು ಅಂತ ಪುಸ್ತಿಕೆ ಹೇಳುತ್ತದೆ. ಆ ಪುಟದ ಕೆಳಗೆ ನೀನು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೀಯ. ನೀನು ತಗೊಂಡಿರುವುದು ನಲವತ್ತಾರು. ಎಷ್ಟು ಕೊಟ್ಟೆ ಅಂತ ಕೇಳುವುದಿಲ್ಲ. ಅಪ್ಪನ ಕಾರ್ಖಾನೆಯ ಸೈಕಲ್ ಅಂತ ಹುಡುಕಿ ತಗೊಂಡಿದ್ದೀಯ, ಅದು ನನಗೆ ಅರ್ಥವಾಗುತ್ತದೆ. ಗುಟ್ಟು ಏನೂ ಇಲ್ಲ ಕಣೋ. ಆ ಹನ್ನೆರಡು ನಾನು ಕೆಡಿಸಿದ್ದು.

ಹೇಗೆ ಅಂತ ಹೇಳುತ್ತೇನೆ. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಇದೆಯಲ್ಲ, ಅದರ ಮೇಲೊಂದು ಕತ್ತಿನ ಕೊಳವೆ ಇರುತ್ತದೆ. ಹ್ಯಾಂಡಲ್ ಅದರೊಳಗೆ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಮೇಲಿಂದ ಕೆಳಗೆ ಒಂದೇ ದಪ್ಪ. ಒಳಗೆ ಹಾಗಲ್ಲ. ಕಡ್ಡಿಗೆ ಅಂತ ತರಿಸುತ್ತಿದ್ದ ಕೊಳವೆಯ ಗೋಡೆ ಪೂರ್ತಿ ತೆಳು, ಕೆಳಗಿನ ನಾಲ್ಕು ಬೆರಳಷ್ಟು ಮಾತ್ರ ದಪ್ಪ. ಬ್ರೇಕ್ ಹಿಡಿದಾಗ ಆಳಿನ ಭಾರವೆಲ್ಲ ಬೀಳುವುದು ಅಲ್ಲಿ. ಬೆಸುಗೆಯ ಬೆಂಕಿ ತಾಗುವುದೂ ಅಲ್ಲೇ. ಆ ದಪ್ಪ ತುದಿಗೆ ಕೆಂಪು ಬಣ್ಣ ಬಳಿದು ಕಳಿಸುತ್ತಿದ್ದರು. ಕೆಂಪಿದ್ದ ಕಡೆ ಗರಗಸ ಇಡಬಾರದು. ಅಷ್ಟೇ ವಿದ್ಯೆ. ಚಿಕ್ಕ ಅಳತೆಯ ಸೈಕಲ್‌ಗೆ ನಾಲ್ಕು ಬೆರಳು ಕತ್ತರಿಸಬೇಕು, ಕೆಂಪಿಲ್ಲದ ತುದಿಯಿಂದ ಕತ್ತರಿಸಬೇಕು. ಆ ಕೆಲಸ ನನ್ನದು. ಕತ್ತಿನ ಮೇಲೆ ಸಂಖ್ಯೆ ಹೊಡೆಯುವುದೂ ನನ್ನದೇ, ಅದಕ್ಕೇ ಆ ಹನ್ನೆರಡು ಸಂಖ್ಯೆ ನನಗೆ ಯಾವ ಪುಸ್ತಿಕೆಯೂ ಇಲ್ಲದೆ ಬಾಯಿಗೆ ಬರುತ್ತವೆ.

ನಿನ್ನ ಅಮ್ಮ ಹೋಗಿದ್ದು ಒಂದು ಗುರುವಾರ ಮಧ್ಯಾಹ್ನ. ಮೂರು ದಿನದ ಜ್ವರ. ಸಂಜೆಯೊಳಗೆ ಎಲ್ಲ ಮುಗಿಯಿತು. ನಿನಗೆ ಐದು ವರ್ಷ, ನಿನ್ನನ್ನು ಮಾವನ ಮನೆಗೆ ಕರೆದುಕೊಂಡು ಹೋಗಿದ್ದರು. ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಸೈರನ್ ಆಯಿತು. ಕಾಲು ಎದ್ದು ನಡೆದವು, ನಾನೂ ಹೋದೆ. ಮೇಸ್ತ್ರಿ ನೋಡಿ, ಮನೆಗೆ ಹೋಗು ಅಂದ. ಮನೇಲಿ ಯಾರೂ ಇಲ್ಲ ಅಂದೆ. ಅಳು ಬಂದಿರಲಿಲ್ಲ. ಹಸಿವೂ ಇರಲಿಲ್ಲ. ಉಗ್ರಾಣದವನು ಕೊಳವೆಗಳ ಕಟ್ಟನ್ನು ಅವತ್ತು ತಲೆಕೆಳಗಾಗಿ ಇಟ್ಟಿದ್ದ. ಬೇರೆ ದಿನವಾಗಿದ್ದರೆ ಅವನಿಗೆ ಬೈದು ತಿರುಗಿಸಿ ಇಡುತ್ತಿದ್ದೆ. ಅವತ್ತು ಕೈ ಬಲಗಡೆಗೆ ಹೋಯಿತು, ಯಾವಾಗಲೂ ಹೋಗುವ ಹಾಗೆ, ಹಿಡಿಯಿತು, ಕತ್ತರಿಸಿತು. ಕೆಂಪು ಕಣ್ಣಿಗೆ ಕಂಡಿದೆ. ಕಂಡಿದ್ದು ಒಳಗೆ ಹೋಗಲಿಲ್ಲ. ಹನ್ನೆರಡು ಕತ್ತರಿಸಿ, ಸಂಖ್ಯೆ ಹೊಡೆದು, ನಿನ್ನ ಮಾವನ ಮೇಜಿಗೆ ಕಳಿಸಿದೆ. ಅವನೂ ತಂಗಿಯನ್ನು ಕಳೆದುಕೊಂಡು ಮಾರನೇ ದಿನ ಕೆಲಸಕ್ಕೆ ಬಂದಿದ್ದ.

ಸೋಮವಾರ ಕತ್ತರಿಸಿದ ಚೂರುಗಳ ತೊಟ್ಟಿ ಖಾಲಿ ಮಾಡಲು ಹೋದೆ. ಹನ್ನೆರಡು ಚೂರು. ಹನ್ನೆರಡರ ತುದಿಯೂ ಕೆಂಪು. ನೇರ ಬಣ್ಣದ ಕೋಣೆಗೆ ಹೋದೆ. ಫೋರ್ಕುಗಳು ಕೊಕ್ಕೆಯಲ್ಲಿ ನೇತಾಡುತ್ತಿದ್ದವು, ಒಗೆದ ಬಟ್ಟೆ ಹಾಗೆ, ಹಸಿ ಹಸಿರು. ಬಣ್ಣ ಬಳಿಯುವ ಹೆಂಗಸು ನನ್ನನ್ನು ಕಂಡು, "ನಿಮ್ಮ ಮನೇಲಿ ಹೀಗಾಗಬಾರದಿತ್ತು ಅಣ್ಣಾ, ಕೂತ್ಕೊಳ್ಳಿ" ಅಂತ ಸ್ಟೂಲು ಕೊಟ್ಟಳು. ಕೂತೆ. ಹೇಳಬೇಕಾದದ್ದು ಒಂದೇ ಮಾತು. ಹೇಳಿದ್ದರೆ ಹನ್ನೆರಡು ಫೋರ್ಕ್ ಗುಜರಿಗೆ ಹೋಗುತ್ತಿದ್ದವು, ಮೇಸ್ತ್ರಿ ಬೈಯುತ್ತಿದ್ದ, ಮುಗಿಯುತ್ತಿತ್ತು. ನನ್ನ ಬಾಯಿ ಯಾವತ್ತಿಗೂ ಹರಿತ ಅಂತ ನೀವೆಲ್ಲ ಹೇಳುತ್ತೀರಿ. ಅವತ್ತು ಆ ಬಾಯಿ ಎಲ್ಲಿ ಹೋಗಿತ್ತೋ. ಸ್ವಲ್ಪ ಹೊತ್ತು ಕೂತು ಎದ್ದು ಬಂದೆ. ಚೂರುಗಳನ್ನು ಊಟದ ಡಬ್ಬಿಗೆ ತುಂಬಿಕೊಂಡೆ, ಯಾರೂ ನೋಡಬಾರದು ಅಂತ. ಡಬ್ಬಿ ಹಿಡಿದೇ ಸಂಜೆ ನಿನ್ನನ್ನು ನೋಡಲು ಮಾವನ ಮನೆಗೆ ಬಂದೆ. ತಿನ್ನಲು ಏನೋ ತಂದಿದ್ದೀನಿ ಅಂದುಕೊಂಡು ನೀನು ಡಬ್ಬಿ ಕಿತ್ತುಕೊಂಡು ತೆಗೆದೆ.

ನಿನ್ನ ರೈಲು ನೆನಪಿದೆಯಾ? ದಾರದಲ್ಲಿ ಪೋಣಿಸಿ, ವರಾಂಡದಲ್ಲಿ ಎಳೆದುಕೊಂಡು ಓಡುತ್ತಿದ್ದೆಯಲ್ಲ, ಕಬ್ಬಿಣದ ಹನ್ನೆರಡು ಡಬ್ಬಿಯ ರೈಲು, ಪ್ರತಿ ಡಬ್ಬಿಗೂ ಕೆಂಪು ತುದಿ. ಅದೇ ಇದು. ಒಂದು ವರ್ಷ ಆ ಸದ್ದು ಕೇಳಿದ್ದೇನೆ. ನೀನು ಆಟ ಬಿಟ್ಟ ಮೇಲೆ ಹನ್ನೊಂದನ್ನು ನಾನು ಎತ್ತಿಟ್ಟೆ. ಈಗಲೂ ನನ್ನ ಮಂಚದ ಕೆಳಗಿನ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಹನ್ನೆರಡನೆಯದು ನಿನ್ನ ಓದುವ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ. ಕಳೆದ ಸಲ ಬಂದಾಗ ನೋಡಿದೆ. ಕೈಯಲ್ಲಿ ತಗೊಂಡು ಮತ್ತೆ ಇಟ್ಟೆ.

ಹಗುರ ಆದದ್ದು ಹೀಗೆ. ತಯಾರಾದ ಪ್ರತಿ ಕಡ್ಡಿಯನ್ನೂ ಅಳಿಯಂದಿರು ಉಗ್ರಾಣದ ತಕ್ಕಡಿಯಲ್ಲಿ ತೂಗಿಸುತ್ತಿದ್ದರು. ಆ ಹನ್ನೆರಡು ಒಂದೊಂದು ನಿಂಬೆಹಣ್ಣಿನಷ್ಟು ಕಡಿಮೆ ಬಂದವು. ಅವರಿಗೆ ಖುಷಿಯೋ ಖುಷಿ. ತಮ್ಮ ನೋಟುಪುಸ್ತಕದಲ್ಲಿ ವಿಶೇಷ ಅಂತ ಬರೆದುಕೊಂಡರು, ಮೂರನ್ನು ರೇಸ್ ತಂಡಕ್ಕೆ ಕೊಟ್ಟರು. ಹೇಗೆ ಹಗುರವಾಯಿತು ಅಂತ ಮೇಸ್ತ್ರಿಯನ್ನು ಕೇಳಿದರು, ನಿನ್ನ ಮಾವನನ್ನು ಕೇಳಿದರು. ಕೊಳವೆ ಕತ್ತರಿಸುವವನನ್ನು ಯಾರು ಕೇಳುತ್ತಾರೆ? ಆ ನೋಟುಪುಸ್ತಕವೇ ನಿಮ್ಮ ಸಂಘದವರಿಗೆ ಸಿಕ್ಕಿರಬೇಕು.

ಮೂರನೇ ವರ್ಷ ನಲವತ್ತಮೂರು ಇಳಿಜಾರಿನಲ್ಲಿ ಮುರಿಯಿತು. ಕತ್ತಿನ ಬುಡದಲ್ಲೇ ಮುರಿಯಿತು. ಓಡಿಸುತ್ತಿದ್ದವನ ಮುಂದಿನ ಹಲ್ಲು ಹೋದವು, ಹೆಗಲ ಮೂಳೆ ಎರಡಾಯಿತು. ಆಸ್ಪತ್ರೆ ಗೇಟಿನವರೆಗೆ ಹೋಗಿ ನಿಂತು ವಾಪಸು ಬಂದೆ. ಆಮೇಲೆ ನಿನ್ನ ಮಾವನನ್ನು ರೇಸ್ ಸೈಕಲ್‌ನಿಂದ ತೆಗೆದು ಹಾಲಿನ ಸೈಕಲ್‌ಗೆ ಹಾಕಿದರು. ಅದು ನಿನಗೆ ಗೊತ್ತಿರುವ ವಿಷಯ, ಇಲ್ಲಿ ಬರೆಯುವುದಿಲ್ಲ.

ನಂಬಿಕೆ ಬರದಿದ್ದರೆ ನೀನೇ ನೋಡು. ಮುಂದಿನ ಚಕ್ರ ಬಿಚ್ಚಿ ಸೈಕಲನ್ನು ತಲೆಕೆಳಗೆ ಮಾಡು. ಕತ್ತಿನ ಕೊಳವೆ ಕೆಳಗಿನಿಂದ ತೆರೆದಿರುತ್ತದೆ. ಒಂದು ಹಳೇ ಕಡ್ಡಿಯ ತುದಿ ಬಗ್ಗಿಸಿ, ಚಕ್ರದ ಕಡ್ಡಿ ಹೇಳುತ್ತಿದ್ದೇನೆ, ಅದನ್ನು ಒಳಗೆ ತೂರಿಸಿ ಗೋಡೆಗೆ ಒತ್ತಿ ಎಳೆ. ಸರಿಯಾದ ಸೈಕಲ್‌ನಲ್ಲಿ ನಾಲ್ಕು ಬೆರಳ ಹತ್ತಿರ ಒಂದು ಮೆಟ್ಟಿಲು ಸಿಕ್ಕಿ ತಡೆಯುತ್ತದೆ. ನಿನ್ನದರಲ್ಲಿ ಎಲ್ಲೂ ತಡೆಯುವುದಿಲ್ಲ. ನಲವತ್ತೇಳು ವರ್ಷ ನಿಂತಿದೆ, ಇನ್ನೊಂದು ಭಾನುವಾರ ನಿಲ್ಲುವುದಿಲ್ಲವೇ ಅಂತ ಹೇಳಬೇಡ. ನಿಂತಿದ್ದು ಯಾರೂ ಓಡಿಸದೆ ಗೋಡೆಗೆ ತೂಗುಹಾಕಿದ್ದರಿಂದ. ಗೋಡೆಗೇ ಹಾಕು. ನಿಮ್ಮ ಸಂಘದವರಿಗೆ ಹೇಳಿ ಆ ಹನ್ನೆರಡು ಸಂಖ್ಯೆಗಳನ್ನು ಮುಂದಿನ ಪುಸ್ತಿಕೆಯಲ್ಲಿ ದಪ್ಪಕ್ಷರದಲ್ಲಿ ಹಾಕಿಸು, ಉಳಿದವು ಯಾರ ಮನೆಯಲ್ಲಿವೆಯೋ ಅವರೂ ಹತ್ತದಿರಲಿ. ಕತ್ತರಿಸಿದವನು ಯಾರು ಅಂತಲೂ ಹಾಕಲಿ.

ಇಷ್ಟು ಬರೆದ ಮೇಲೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಅವತ್ತು ಹೇಗಿತ್ತೋ ಹಾಗೇ ಇದೆ, ಚಳಿಗೆ ಕೈ ಮರಗಟ್ಟಿದ ಹಾಗೆ. ನೋವಾದರೂ ಆದರೆ ಕೈ ನನ್ನದು ಅಂತ ಗೊತ್ತಾಗುತ್ತಿತ್ತು. ಹೋಗಲಿ.

ಮೊಮ್ಮಗಳು ಚೆನ್ನಾಗಿ ಓದಲಿ, ನನ್ನ ಹಾಗೆ ನಾಲ್ಕಕ್ಕೆ ನಿಲ್ಲದಿರಲಿ. ಸೊಸೆಗೆ ಉಪ್ಪು ಕಡಿಮೆ ಮಾಡಲು ಹೇಳು. ನಿಮ್ಮೆಲ್ಲರ ಮೈಕೈ ಗಟ್ಟಿಯಾಗಿರಲಿ.

ನಿನ್ನ ಅಪ್ಪ

ಮತ್ತೊಂದು ಮಾತು: ದರ್ಜಿ ಅಂಚೆ ಕಚೇರಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬೇಗ ಅನ್ನುತ್ತಿದ್ದಾನೆ. ಮೇಲೆ ಬರೆಯುವುದಿಲ್ಲ ಅಂದಿದ್ದನ್ನು ಬರೆಯುತ್ತೇನೆ. ಅಳಿಯಂದಿರು ಮುರಿದ ಫೋರ್ಕನ್ನು ಮೇಜಿನ ಮೇಲಿಟ್ಟು, ಬೆಸುಗೆ ಹತ್ತಿರ ಮುರಿದಿದೆ, ಬೆಂಕಿ ಜಾಸ್ತಿ ಹಿಡಿದಿದ್ದಾನೆ ಅಂದರು. ನಿನ್ನ ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇರಬಹುದು, ಅವತ್ತು ನನ್ನ ಕೈ ಸರಿ ಇರಲಿಲ್ಲ" ಅಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಹನ್ನೊಂದು ವರ್ಷ ಹಾಲಿನ ಸೈಕಲ್‌ಗೆ ಬೆಸುಗೆ ಹಾಕಿದ, ಅರ ಮತ್ತೆ ಮುಟ್ಟಲಿಲ್ಲ. ಹಾಗೇ ನಂಬಿಕೊಂಡೇ ತೀರಿಹೋದ. ಅವನ ಕೈ ಸರಿಯಾಗೇ ಇತ್ತು. ಈ ಕಾಗದವನ್ನು ಅವನ ಹೆಂಡತಿಗೆ, ನಿನ್ನ ಅತ್ತೆಗೆ, ಓದಿ ಹೇಳು, ಒಂದು ಸಾಲೂ ಬಿಡದೆ, ಗಟ್ಟಿಯಾಗಿ. ಮೇಜಿನ ಮೇಲಿನ ಆ ಚೂರನ್ನು ಅವಳ ಕೈಗೆ ಕೊಡು. ಅವಳು ಏನು ಅಂದಳೋ ಅದನ್ನು ಅಂದ ಹಾಗೇ ಬರೆದು ಕಳಿಸು, ನುಣ್ಣಗೆ ಮಾಡಬೇಡ.